ಸಮುದ್ರಕ್ಕೆ ಏಟು ಒಂದೊಂದಾಗಿ ಬೀಳಲ್ಲ

ಮೊನ್ನೆ ಸಮುದ್ರದ ಜೀವಿಗಳಿಗೆ ಏನಾಗ್ತಿದೆ ಅಂತ ಮಾತಾಡಿದ್ದನ್ನ ಬರೆದು ಕೊಡಿ ಅಂತ ಕೆಲವರು ಕೇಳಿದ್ರು, ಅದಕ್ಕೇ ಇದು. ಸ್ಲೈಡ್ ಇಲ್ದೆ ಅರ್ಥ ಆಗೋ ಹಾಗೆ ಅಲ್ಲಲ್ಲಿ ಬದಲಾಯಿಸಿದೀನಿ, ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದೀನಿ.

ಏಡಿಯಿಂದ ಶುರು ಮಾಡೋಣ. ಅಲಾಸ್ಕಾ ಮತ್ತೆ ರಷ್ಯಾ ನಡುವೆ ಬೇರಿಂಗ್ ಸಮುದ್ರ ಇದೆ, ಅದರ ತಳದಲ್ಲಿ ಸ್ನೋ ಕ್ರ್ಯಾಬ್ ಅನ್ನೋ ಏಡಿ ಬದುಕುತ್ತೆ. ಇದಕ್ಕೆ ಕೊರೆಯೋ ಚಳಿನೇ ಬೇಕು, ಎರಡು ಡಿಗ್ರಿಗಿಂತ ಕಮ್ಮಿ ಇರೋ ನೀರಿದ್ರೆ ಮರಿಗಳು ಆರಾಮಾಗಿರ್ತವೆ. 2018ರ ಸರ್ವೆಯಲ್ಲಿ ಈ ಏಡಿಗಳ ಸಂಖ್ಯೆ ದಾಖಲೆ ಮಟ್ಟದಲ್ಲಿತ್ತು, ಇನ್ನು ಕೆಲವು ವರ್ಷ ಹಬ್ಬ ಅಂತಾನೇ ಎಲ್ಲರೂ ಅಂದ್ಕೊಂಡಿದ್ರು. 2021ರಲ್ಲಿ ಮತ್ತೆ ಬಲೆ ಹಾಕಿ ನೋಡಿದ್ರೆ ಸಾವಿರ ಕೋಟಿಗೂ ಹೆಚ್ಚು ಏಡಿ ನಾಪತ್ತೆ. 2022ರಲ್ಲಿ ಅಲಾಸ್ಕಾ ಸರ್ಕಾರ ಇತಿಹಾಸದಲ್ಲೇ ಮೊದಲ ಸಲ ಆ ಸೀಸನ್ನೇ ರದ್ದು ಮಾಡ್ತು.

ಎಲ್ಲಿ ಹೋದ್ವು? ಬೇರೆ ಕಡೆ ವಲಸೆ ಹೋಗಿರಬಹುದಾ, ರೋಗನಾ, ಜಾಸ್ತಿ ಹಿಡಿದುಬಿಟ್ರಾ, ಎಲ್ಲವನ್ನೂ ತಡಕಾಡಿದ್ರು. 2023ರಲ್ಲಿ ಬಂದ ಸಂಶೋಧನೆ ಹೇಳಿದ್ದು ಏನಂದ್ರೆ, ಹೆಚ್ಚಿನವು ಹಸಿವಿನಿಂದ ಸತ್ತಿವೆ. 2018 ಮತ್ತು 2019ರಲ್ಲಿ ಅಲ್ಲಿನ ನೀರು ವಿಪರೀತ ಬಿಸಿಯಾಯ್ತು. ವಿಪರೀತ ಅಂದ್ರೆ ನಮ್ಮ ಲೆಕ್ಕದಲ್ಲಿ ಏನೂ ಅಲ್ಲ, ಏಡಿ ಬೆಂದುಹೋಗೋಷ್ಟಂತೂ ಅಲ್ವೇ ಅಲ್ಲ. ಆದ್ರೆ ತಣ್ಣೀರಿನ ಪ್ರಾಣಿಗಳ ಮೈಯ ಖರ್ಚು ನೀರಿನ ಉಷ್ಣತೆ ಮೇಲೆ ನಿಂತಿರುತ್ತೆ, ಸೊನ್ನೆ ಡಿಗ್ರಿಯಿಂದ ಮೂರು ಡಿಗ್ರಿಗೆ ಏರಿದ್ರೆ ಸಾಕು ಸ್ನೋ ಕ್ರ್ಯಾಬ್‌ಗೆ ಬೇಕಾಗೋ ಆಹಾರ ಹೆಚ್ಚುಕಮ್ಮಿ ಎರಡರಷ್ಟಾಗುತ್ತೆ. ಅದೇ ಹೊತ್ತಿಗೆ ಏಡಿಗಳ ಸಂಖ್ಯೆ ಬೇರೆ ದಾಖಲೆ ಮಟ್ಟದಲ್ಲಿ, ತಣ್ಣೀರು ಉಳಿದಿದ್ದ ಜಾಗ ಕುಗ್ಗಿ ಕುಗ್ಗಿ ಎಲ್ಲವೂ ಒಂದೇ ಕಡೆ ಕಿಕ್ಕಿರಿದಿದ್ವು, ಊಟಕ್ಕೆ ಪೈಪೋಟಿ, ಅಷ್ಟೇ, ಕಥೆ ಮುಗೀತು.

ಈ ಕಥೆಯನ್ನ ಮೊದಲು ಹೇಳಿದ್ದಕ್ಕೆ ಕಾರಣ ಇದೆ. ಸಮುದ್ರದಲ್ಲಿ ಏನಾದ್ರೂ ಹಾಳಾದ ತಕ್ಷಣ ನಾವೆಲ್ಲ ಕೇಳೋ ಪ್ರಶ್ನೆ "ಇದಕ್ಕೆ ಯಾರು ಕಾರಣ" ಅಂತ. ಹವಾಮಾನ ಬದಲಾವಣೆನಾ? ದೊಡ್ಡ ಬಲೆ ಎಳ್ಕೊಂಡು ಮೀನು ಹಿಡಿಯೋ ಟ್ರಾಲರ್‌ಗಳಾ? ಪ್ಲಾಸ್ಟಿಕ್ಕಾ? ಒಬ್ಬ ಕಳ್ಳ ಸಿಕ್ಕಿಬಿಟ್ರೆ ಸಮಾಧಾನ. ಮೀನುಗಾರಿಕೆಯವರು ಹವಾಮಾನದ ಕಡೆ ಕೈ ತೋರಿಸ್ತಾರೆ, ಹೊಗೆ ಬಿಡೋರು ಮೀನುಗಾರಿಕೆ ಕಡೆ. ನಾನು ಹೇಳೋಕೆ ಬಂದಿದ್ದು ಇಷ್ಟೇ, ಈ ಪ್ರಶ್ನೆಯೇ ದಾರಿ ತಪ್ಪಿಸುತ್ತೆ. ಒಂದು ಏಟನ್ನ ತಡ್ಕೊಳ್ಳೋ ತಾಕತ್ತು ಸಮುದ್ರದ ಜೀವಿಗಳಿಗೆ ಬೇಕಾದಷ್ಟಿದೆ, ಆದ್ರೆ ಒಂದು ಏಟು ಇನ್ನೊಂದನ್ನ ತಡ್ಕೊಳ್ಳೋ ಶಕ್ತಿಯನ್ನೇ ಕಿತ್ಕೊಂಡಿರುತ್ತೆ.

ಮೊದಲು ನೀರಿಗೇ ಏನಾಗ್ತಿದೆ ಅಂತ ಬೇಗ ನೋಡಿಬಿಡೋಣ. ಕಲ್ಲಿದ್ದಲು, ಪೆಟ್ರೋಲ್ ಸುಟ್ಟು ಭೂಮಿಯಲ್ಲಿ ಹಿಡಿದಿಟ್ಟಿರೋ ಹೆಚ್ಚುವರಿ ಶಾಖದಲ್ಲಿ ಶೇಕಡಾ 90ಕ್ಕಿಂತ ಜಾಸ್ತಿ ಹೋಗಿರೋದು ಸಮುದ್ರಕ್ಕೆ. ಗಾಳಿ ಎಷ್ಟು ಬಿಸಿಯಾಗಿದೆ ಅಂತ ನಾವು ಗಾಬರಿ ಬೀಳ್ತೀವಲ್ಲ, ಅದು ಉಳಿದ ಚೂರುಪಾರು. ನಾವು ಬಿಡೋ ಕಾರ್ಬನ್ ಡೈಆಕ್ಸೈಡಲ್ಲೂ ಸುಮಾರು ಕಾಲು ಭಾಗವನ್ನ ಸಮುದ್ರವೇ ನುಂಗ್ತಿದೆ, ಅದರಿಂದ ನೀರಿನ ಪಿಎಚ್, ಅಂದ್ರೆ ಆಮ್ಲೀಯತೆ ಅಳೆಯೋ ಸಂಖ್ಯೆ (ಇದು ಇಳಿದಷ್ಟೂ ಆಮ್ಲ ಜಾಸ್ತಿ), ಕೈಗಾರಿಕಾ ಯುಗ ಶುರುವಾದಾಗಿಂದ 8.2ರಿಂದ 8.1ಕ್ಕೆ ಇಳಿದಿದೆ. 0.1 ತಾನೇ ಅನ್ಬೇಡಿ, ಪಿಎಚ್ ಅಳತೆ ಲಾಗರಿದಮಿಕ್, ಒಂದು ಅಂಕಿ ಇಳಿದ್ರೆ ಆಮ್ಲೀಯತೆ ಹತ್ತು ಪಟ್ಟು, ಆ ಚಿಕ್ಕ ಸಂಖ್ಯೆ ಅಂದ್ರೆ ಆಮ್ಲೀಯತೆ ಶೇಕಡಾ 30ರ ಹತ್ತಿರ ಏರಿದೆ ಅಂತ ಅರ್ಥ. ಆಮ್ಲ ಜಾಸ್ತಿಯಾದ್ರೆ ನೀರಲ್ಲಿರೋ ಕಾರ್ಬೊನೇಟ್ ಕಮ್ಮಿಯಾಗುತ್ತೆ, ಚಿಪ್ಪು ಕಟ್ಕೊಳ್ಳೋ ಜೀವಿಗಳಿಗೆ ಅದೇ ಕಚ್ಚಾ ಮಾಲು. ಇದು ಯಾವತ್ತೋ ಆಗೋ ಮಾತಲ್ಲ, ಅಮೆರಿಕಾದ ಒರೆಗನ್ ತೀರದಲ್ಲಿ 2007ರ ಹೊತ್ತಿಗೇ ಸಿಂಪಿ ಸಾಕೋ ಹ್ಯಾಚರಿಗಳಲ್ಲಿ ಮರಿಗಳು ರಾಶಿ ರಾಶಿ ಸತ್ತಿದ್ವು, ಬ್ಯಾಕ್ಟೀರಿಯಾ ಅಂತ ಮೊದಲು ಅಂದ್ಕೊಂಡ್ರು, ಆಮೇಲೆ ಗೊತ್ತಾಯ್ತು ಆಳದಿಂದ ಮೇಲೆ ಬರ್ತಿದ್ದ ನೀರೇ ಆಮ್ಲೀಯ ಆಗಿತ್ತು, ಹುಟ್ಟಿದ ಮೊದಲ ದಿನಗಳಲ್ಲಿ ಆ ಮರಿಗಳಿಗೆ ಚಿಪ್ಪು ಕಟ್ಕೊಳ್ಳೋಕೇ ಆಗ್ತಿರಲಿಲ್ಲ.

ಮೂರನೇದು ಆಮ್ಲಜನಕ. ಬೆಚ್ಚಗಿನ ನೀರಲ್ಲಿ ಗ್ಯಾಸ್ ಕಮ್ಮಿ ಕರಗುತ್ತೆ, ಅದು ಸರಳ. ಇನ್ನೊಂದು ಏನಂದ್ರೆ ಮೇಲಿನ ನೀರು ಬಿಸಿಯಾಗಿ ಹಗುರಾದ್ರೆ ಕೆಳಗಿನ ತಣ್ಣೀರಿನ ಜೊತೆ ಬೆರೆಯೋದೇ ಇಲ್ಲ, ಮೇಲಿನ ಆಮ್ಲಜನಕ ಕೆಳಗೆ ಹೋಗಲ್ಲ, ಕೆಳಗಿನ ಪೋಷಕಾಂಶ ಮೇಲೆ ಬರಲ್ಲ, ಎರಡೂ ಕಡೆ ಲಾಸು. 1960ರಿಂದ 2010ರ ಒಳಗೆ ಸಮುದ್ರ ತನ್ನ ಆಮ್ಲಜನಕದಲ್ಲಿ ಸುಮಾರು ಶೇಕಡಾ 2 ಕಳ್ಕೊಂಡಿದೆ. ಇದರ ಮೇಲೆ ಹೊಲಗಳಿಂದ ಹರಿದು ಬರೋ ರಸಗೊಬ್ಬರ ಬೇರೆ. ಅದನ್ನ ತಿಂದು ಪಾಚಿ ಕೊಬ್ಬುತ್ತೆ, ಸತ್ತು ತಳಕ್ಕೆ ಬೀಳುತ್ತೆ, ಕೊಳೆಯುವಾಗ ಇದ್ದಬದ್ದ ಆಮ್ಲಜನಕವನ್ನ ಹೀರುತ್ತೆ. ಮಿಸಿಸಿಪ್ಪಿ ನದಿ ಮೆಕ್ಸಿಕೋ ಕೊಲ್ಲಿಗೆ ಸೇರೋ ಕಡೆ ಪ್ರತಿ ಬೇಸಿಗೆಗೆ ಇಂಥ ಒಂದು ಡೆಡ್ ಝೋನ್ ಆಗುತ್ತೆ, 2017ರಲ್ಲಿ ಅದು 22,000 ಚದರ ಕಿಲೋಮೀಟರ್ ದಾಟಿತ್ತು.

ಸರಿ, ಈಗ ನನಗೆ ಇಷ್ಟವಾದ, ಇಷ್ಟ ಅಂದ್ರೆ ತಪ್ಪಾಗುತ್ತೇನೋ, ಆದ್ರೆ ಈ ವಿಷಯ ಅರ್ಥ ಆಗೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗಂತೂ ಸಿಕ್ಕಿಲ್ಲ. ಕ್ಯಾಲಿಫೋರ್ನಿಯಾದ ಉತ್ತರ ತೀರದ ಕೆಲ್ಪ್ ಕಾಡು. ಕೆಲ್ಪ್ ಅಂದ್ರೆ ಮರದಷ್ಟು ಎತ್ತರ ಬೆಳೆಯೋ ಕಡಲಪಾಚಿ, ತಣ್ಣಗಿನ, ಪೋಷಕಾಂಶ ತುಂಬಿರೋ ನೀರಲ್ಲಿ ದಟ್ಟವಾಗಿ ಬೆಳೆದು ಮೀನು, ಬಸವನಹುಳು, ಏಡಿ ಎಲ್ಲಕ್ಕೂ ಮನೆ ಆಗಿರುತ್ತೆ. ಈ ಕೆಲ್ಪನ್ನ ತಿನ್ನೋದು ಸೀ ಅರ್ಚಿನ್, ಮೈತುಂಬ ಮುಳ್ಳಿರೋ ಚೆಂಡಿನಂಥ ಪ್ರಾಣಿ. ಅರ್ಚಿನ್‌ಗಳು ಅತಿಯಾಗದ ಹಾಗೆ ನೋಡ್ಕೊಳ್ತಿದ್ದವರು ಇಬ್ಬರು, ಒಂದು ಕಡಲ ನೀರುನಾಯಿ, ಇನ್ನೊಂದು ಇಪ್ಪತ್ತಕ್ಕೂ ಹೆಚ್ಚು ತೋಳುಗಳಿರೋ ಸನ್‌ಫ್ಲವರ್ ಸೀ ಸ್ಟಾರ್ ಅನ್ನೋ ದೊಡ್ಡ ನಕ್ಷತ್ರಮೀನು.

ನೀರುನಾಯಿಯ ತುಪ್ಪಳಕ್ಕೆ ಬೆಲೆ ಇತ್ತು, ಹದಿನೆಂಟು ಹತ್ತೊಂಬತ್ತನೇ ಶತಮಾನದಲ್ಲೇ ಬೇಟೆಯಾಡಿ ಮುಗಿಸಿಬಿಟ್ರು. ದಕ್ಷಿಣಕ್ಕೆ ಬಿಗ್ ಸರ್ ಅನ್ನೋ ತೀರದ ಹತ್ತಿರ ಒಂದು ಸಣ್ಣ ಗುಂಪು ಹೇಗೋ ಉಳ್ಕೊಂಡಿತ್ತು, ಈಗ ಕ್ಯಾಲಿಫೋರ್ನಿಯಾದಲ್ಲಿ ಇರೋ ಸುಮಾರು 3,000 ನೀರುನಾಯಿಗಳು ಅದರದ್ದೇ ಸಂತತಿ, ಆದ್ರೆ ಉತ್ತರ ತೀರಕ್ಕೆ ಅವು ಇವತ್ತಿಗೂ ವಾಪಸ್ ಬಂದಿಲ್ಲ. ನೀರುನಾಯಿ ಹೋದ್ರೂ ಉತ್ತರದ ಕೆಲ್ಪ್ ಕಾಡು ನೂರು ವರ್ಷಕ್ಕೂ ಮೇಲೆ ಚೆನ್ನಾಗೇ ಇತ್ತು. ನಕ್ಷತ್ರಮೀನು ಇತ್ತಲ್ಲ. ಹಾಗಾಗಿ ಬೇಟೆಯಿಂದ ಏನೂ ಹಾನಿ ಆಗಿಲ್ಲ ಅಂತ ಯಾರಾದ್ರೂ 2012ರಲ್ಲಿ ಹೇಳಿದ್ರೆ ಅಲ್ಲ ಅನ್ನೋಕೆ ಪುರಾವೆ ಇರಲಿಲ್ಲ.

2013ರಲ್ಲಿ ನಕ್ಷತ್ರಮೀನುಗಳಿಗೆ ರೋಗ ಬಂತು. ತೋಳು ಕಳಚಿ ಬೀಳೋದು, ಮೈ ಕರಗಿಹೋಗೋದು, ಕೆಲವೇ ದಿನದಲ್ಲಿ ಲೋಳೆ. ಅದಕ್ಕೆ ಕಾರಣ ವಿಬ್ರಿಯೋ ಪೆಕ್ಟೆನಿಸಿಡಾ ಅನ್ನೋ ಬ್ಯಾಕ್ಟೀರಿಯಾ ಅಂತ ಪತ್ತೆಯಾಗಿದ್ದೇ 2025ರಲ್ಲಿ, ಹನ್ನೆರಡು ವರ್ಷ ಹಿಡೀತು ನೋಡಿ. ಸನ್‌ಫ್ಲವರ್ ಸೀ ಸ್ಟಾರ್‌ಗಳಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಸತ್ತುಹೋದ್ವು. ಹಿಂದೆಯೇ 2014ರಿಂದ 2016ರವರೆಗೆ ಪೆಸಿಫಿಕ್‌ನಲ್ಲಿ ದೊಡ್ಡ ಕಡಲ ಬಿಸಿಅಲೆ, ಅಂದ್ರೆ ನೀರು ತುಂಬಾ ದಿನ ಮಾಮೂಲಿಗಿಂತ ಬಿಸಿಯಾಗೇ ಇರೋದು, ವಿಜ್ಞಾನಿಗಳು ಅದಕ್ಕೆ ದಿ ಬ್ಲಾಬ್ ಅಂತ ಹೆಸರಿಟ್ರು. ಬಿಸಿ ನೀರಲ್ಲಿ ಪೋಷಕಾಂಶ ಇಲ್ಲ, ಕೆಲ್ಪ್ ಸೊರಗಿತು. ಸೊರಗಿದ ಕೆಲ್ಪ್, ಅದರ ಮೇಲೆ ಹತೋಟಿಯಲ್ಲಿಡೋರು ಇಲ್ಲದ ಅರ್ಚಿನ್. ಸುಮಾರು 350 ಕಿಲೋಮೀಟರ್ ಉದ್ದದ ತೀರದಲ್ಲಿ ಶೇಕಡಾ 95ರಷ್ಟು ಕೆಲ್ಪ್ ಕಾಡು ಹೋಯ್ತು. ಕೆಲ್ಪನ್ನೇ ನಂಬಿದ್ದ ಅಬಲೋನ್ ಅನ್ನೋ ದೊಡ್ಡ ಕಡಲ ಬಸವನಹುಳುಗಳು ಹಸಿದು ಸತ್ವು, 2018ರಲ್ಲಿ ಅದನ್ನ ಹಿಡಿಯೋದನ್ನೇ ನಿಲ್ಲಿಸಬೇಕಾಯ್ತು.

ಇಷ್ಟಕ್ಕೇ ಮುಗಿಯಲ್ಲ. ಬಿಸಿಅಲೆ ಹೋಯ್ತು, ನೀರು ತಣ್ಣಗಾಯ್ತು, ಕಾಡು ವಾಪಸ್ ಬರಬೇಕಲ್ಲ? ಬರಲಿಲ್ಲ. ಅರ್ಚಿನ್‌ಗೆ ಊಟ ಇಲ್ದಿದ್ರೂ ವರ್ಷಗಟ್ಟಲೆ ಬದುಕೋಕೆ ಆಗುತ್ತೆ, ಒಳಗೆಲ್ಲ ಖಾಲಿಯಾಗಿ ಬರೀ ಮುಳ್ಳಿನ ಚಿಪ್ಪಾಗಿ ಬಂಡೆ ಮೇಲೆ ಕೂತಿರ್ತವೆ, ಒಂದು ಕೆಲ್ಪ್ ಮೊಳಕೆ ಕಂಡ್ರೆ ಸಾಕು ತಿಂದು ಹಾಕ್ತವೆ. ದಕ್ಷಿಣಕ್ಕೆ ಮಾಂಟೆರೇ ಹತ್ತಿರ ನೀರುನಾಯಿ ಇದ್ದ ಕಡೆ ಮಾತ್ರ ಅಲ್ಲಲ್ಲಿ ಕೆಲ್ಪ್ ತುಂಡುಗಳು ಉಳ್ಕೊಂಡ್ವು, ಯಾಕಂದ್ರೆ ನೀರುನಾಯಿಗಳು ಕೆಲ್ಪ್ ಒಳಗಿನ ಮೈತುಂಬಿದ ಅರ್ಚಿನ್‌ಗಳನ್ನ ಹುಡುಕಿ ಹುಡುಕಿ ತಿಂತವೆ, ಬರಡು ಜಾಗದ ಖಾಲಿ ಅರ್ಚಿನ್‌ಗಳನ್ನ ಮೂಸಿಯೂ ನೋಡಲ್ಲ. ಅದರಿಂದ ಇದ್ದ ಕಾಡು ಉಳೀತು, ಹೋದ ಕಾಡು ಮಾತ್ರ ಬರಲಿಲ್ಲ. ಈಗ ಹೇಳಿ, ಉತ್ತರದ ಕಾಡನ್ನ ಕೊಂದಿದ್ದು ಯಾರು, ತುಪ್ಪಳದ ವ್ಯಾಪಾರಿಯಾ, ಬ್ಯಾಕ್ಟೀರಿಯಾನಾ, ಬಿಸಿಅಲೆಯಾ?

ಮೀನುಗಾರಿಕೆ ವಿಷಯಕ್ಕೆ ಬಂದ್ರೆ ಎಲ್ಲರೂ ಹೇಳೋ ಕಥೆ ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಕಾಡ್ ಮೀನಿನದ್ದು, ನಾನೂ ಹೇಳ್ತೀನಿ ಆದ್ರೆ ಸ್ವಲ್ಪ ಬೇರೆ ಕಾರಣಕ್ಕೆ. ಐನೂರು ವರ್ಷ ಹಿಡಿದ್ರೂ ಮುಗಿಯದ ಮೀನು ಅದು, 1950ರ ದಶಕದಿಂದ ಬಂದ ಫ್ಯಾಕ್ಟರಿ ಟ್ರಾಲರ್‌ಗಳು, ಅಂದ್ರೆ ಹಿಡಿದು ಅಲ್ಲೇ ಕತ್ತರಿಸಿ ಫ್ರೀಜ್ ಮಾಡೋ ಹಡಗುಗಳು, ಕೆಲವೇ ದಶಕದಲ್ಲಿ ಬರಿದು ಮಾಡಿದ್ವು. 1968ರಲ್ಲಿ ಒಂದೇ ವರ್ಷ ಸುಮಾರು 8 ಲಕ್ಷ ಟನ್ ಹಿಡಿದಿದ್ರು, 1992ರ ಜುಲೈ 2ಕ್ಕೆ ಮೀನುಗಾರಿಕೆಯನ್ನೇ ನಿಲ್ಲಿಸಿದ್ರು, ಮೂವತ್ತು ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯ್ತು. ಎರಡು ವರ್ಷದ ನಿಷೇಧ ಅಂತ ಹೇಳಿದ್ದು ಮೂವತ್ತೆರಡು ವರ್ಷ ಆಯ್ತು, 2024ರಲ್ಲಿ ತೆಗೆದಾಗ ಬಿಟ್ಟುಕೊಟ್ಟ ಕೋಟಾ 18,000 ಟನ್.

ನನ್ನ ಕಾರಣ ಇದು. ಮೀನು ಹಿಡಿಯುವಾಗ ನಾವು ಬರೀ ಸಂಖ್ಯೆ ಕಮ್ಮಿ ಮಾಡಲ್ಲ, ವಯಸ್ಸಾದವನ್ನ, ದೊಡ್ಡವನ್ನ ಮೊದಲು ತೆಗೀತೀವಿ. 30 ಕಿಲೋ ತೂಗೋ ಒಂದು ಹೆಣ್ಣು ಕಾಡ್ ಇಡೋ ಮೊಟ್ಟೆ, ತಲಾ 2 ಕಿಲೋ ಇರೋ 28 ಹೆಣ್ಣುಗಳು ಸೇರಿ ಇಡೋದಕ್ಕಿಂತ ಹೆಚ್ಚು, ತೂಕದಲ್ಲಿ ಅವು 56 ಕಿಲೋ ಆದ್ರೂ. ನಾಲ್ಕು ವರ್ಷ ಹವಾಮಾನ ಕೈಕೊಟ್ಟು ಮರಿಗಳೆಲ್ಲ ಸತ್ರೂ ಐದನೇ ವರ್ಷಕ್ಕೆ ಮತ್ತೆ ಮೊಟ್ಟೆ ಇಡೋಕೆ ಆ ಅಜ್ಜಿ ಮೀನು ಇರ್ತಿತ್ತು. ಅದನ್ನ ತೆಗೆದುಬಿಟ್ರೆ ಇಡೀ ಸಂತತಿ ಚಿಕ್ಕವುಗಳ ಮೇಲೆ, ಅಂದ್ರೆ ಆ ವರ್ಷದ ನೀರು ಹೇಗಿದೆ ಅನ್ನೋದರ ಮೇಲೆ ನಿಲ್ಲುತ್ತೆ. 1990ರ ಆಸುಪಾಸಲ್ಲಿ ಅಲ್ಲಿನ ನೀರು ಮಾಮೂಲಿಗಿಂತ ತಣ್ಣಗಿತ್ತು, ಕಾಡ್‌ಗೆ ಊಟವಾದ ಕ್ಯಾಪೆಲಿನ್ ಅನ್ನೋ ಸಣ್ಣ ಮೀನೂ ಕುಸಿದಿತ್ತು, ಇಂಥ ಕೆಟ್ಟ ವರ್ಷಗಳನ್ನ ಆ ಕಾಡ್ ಮೊದಲು ಎಷ್ಟು ಕಂಡಿರಲಿಲ್ಲ ಹೇಳಿ. ಈ ಸಲ ಮಾತ್ರ ತಡ್ಕೊಳ್ಳೋಕೆ ಏನೂ ಉಳಿದಿರಲಿಲ್ಲ. ಮುಂದೆ ಹವಾಮಾನ ಇನ್ನೂ ಏರುಪೇರಾಗುತ್ತೆ ಅಂತ ಗೊತ್ತಿರುವಾಗ, ದೊಡ್ಡ ಮೀನುಗಳನ್ನ ಉಳಿಸ್ಕೊಳ್ಳೋದು ಹವಾಮಾನದ ಕೆಲಸವೇ ಅಂತ ನನ್ನ ಲೆಕ್ಕ.

ತಿಮಿಂಗಿಲದ ಬಗ್ಗೆ ಎರಡು ಮಾತು. ಇಪ್ಪತ್ತನೇ ಶತಮಾನದಲ್ಲಿ ಹಡಗಲ್ಲಿ ಹೋಗಿ ಕೊಂದ ತಿಮಿಂಗಿಲಗಳು ಸುಮಾರು 29 ಲಕ್ಷ. 1986ರಿಂದ ವಾಣಿಜ್ಯ ಬೇಟೆಗೆ ತಡೆ ಬಂದಮೇಲೆ ಕೆಲವು ಚೆನ್ನಾಗಿ ಚೇತರಿಸ್ಕೊಂಡಿವೆ, ದಕ್ಷಿಣ ಅಟ್ಲಾಂಟಿಕ್‌ನ ಪಶ್ಚಿಮ ಭಾಗದ ಹಂಪ್‌ಬ್ಯಾಕ್ ತಿಮಿಂಗಿಲ 1950ರ ದಶಕದಲ್ಲಿ 450ರಷ್ಟಿದ್ದವು ಈಗ 25,000ದ ಹತ್ತಿರ. ಒಂದೇ ಏಟು ಇದ್ದು ಅದನ್ನ ನಿಲ್ಲಿಸಿದ್ರೆ ಏನಾಗುತ್ತೆ ಅನ್ನೋಕೆ ಇದು ಸಾಕ್ಷಿ. ಆದ್ರೆ ಉತ್ತರ ಅಟ್ಲಾಂಟಿಕ್‌ನ ರೈಟ್ ವೇಲ್ ಅನ್ನೋ ತಿಮಿಂಗಿಲಗಳನ್ನ ನೋಡಿ, 400 ಕೂಡ ಇಲ್ಲ. ಅವನ್ನ ಈಗ ಯಾರೂ ಬೇಟೆ ಆಡ್ತಿಲ್ಲ, ಹಡಗು ಗುದ್ದಿ ಸಾಯ್ತವೆ, ಏಡಿ ಮತ್ತೆ ಲಾಬ್‌ಸ್ಟರ್ ಬೋನುಗಳ ಹಗ್ಗಕ್ಕೆ ಸಿಕ್ಕಿಹಾಕ್ಕೊಂಡು ಸಾಯ್ತವೆ. ಇದಕ್ಕೆ ನಿಯಮ ಇದ್ವು, ಅವು ಮೇಯೋ ಕಡೆ ಹಡಗುಗಳಿಗೆ 10 ನಾಟ್, ಅಂದ್ರೆ ಗಂಟೆಗೆ ಸುಮಾರು 18 ಕಿಲೋಮೀಟರ್ ವೇಗದ ಮಿತಿ ಹಾಕಿದ್ರು. ಅಷ್ಟರಲ್ಲಿ ಅಮೆರಿಕಾದ ಈಶಾನ್ಯ ತೀರದ ಮೇನ್ ಕೊಲ್ಲಿ ಬಿಸಿಯಾಯ್ತು, ಅವುಗಳ ಊಟವಾದ ಕ್ಯಾಲನಸ್ ಅನ್ನೋ ಅಕ್ಕಿಕಾಳಿನಷ್ಟು ದೊಡ್ಡ ಜೀವಿ ಅಲ್ಲಿ ಕಮ್ಮಿಯಾಯ್ತು, ತಿಮಿಂಗಿಲಗಳು ಊಟ ಹುಡುಕ್ಕೊಂಡು ಉತ್ತರಕ್ಕೆ ಕೆನಡಾದ ಸೇಂಟ್ ಲಾರೆನ್ಸ್ ಕೊಲ್ಲಿಗೆ ಹೋದ್ವು, ಅಲ್ಲಿ ಆಗ ಇವಕ್ಕಾಗಿ ಯಾವ ವೇಗಮಿತಿನೂ ಇರಲಿಲ್ಲ, ಹಗ್ಗದ ನಿಯಮನೂ ಇರಲಿಲ್ಲ. 2017 ಒಂದೇ ವರ್ಷ ಅಮೆರಿಕಾ, ಕೆನಡಾ ಎರಡೂ ಕಡೆ ಸೇರಿ 17 ಸತ್ವು, ಹೆಚ್ಚಿನವು ಕೆನಡಾದಲ್ಲೇ. ಕೆನಡಾ ಆಮೇಲೆ ನಿಯಮ ಮಾಡ್ತು ಬಿಡಿ. ನಾವು ನಕ್ಷೆ ಮೇಲೆ ಗೆರೆ ಎಳೆದು ರಕ್ಷಣೆ ಕೊಡ್ತೀವಿ, ಆ ಗೆರೆ ಅಲ್ಲೇ ಇರುತ್ತೆ, ಪ್ರಾಣಿ ಇರಲ್ಲ.

ಸದ್ದಿನ ಬಗ್ಗೆ ಹೇಳ್ದೆ ಮುಂದೆ ಹೋಗೋಕೆ ಮನಸ್ಸು ಬರ್ತಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿ ಆದಮೇಲೆ ಕೆಲವು ದಿನ ಹಡಗು ಸಂಚಾರ ಕಮ್ಮಿಯಾಗಿತ್ತು. ಕೆನಡಾದ ಫಂಡಿ ಕೊಲ್ಲಿಯಲ್ಲಿ ನೀರೊಳಗಿನ ಸದ್ದು 6 ಡೆಸಿಬಲ್ ಇಳೀತು. ಅದೇ ಹೊತ್ತಲ್ಲಿ ವಿಜ್ಞಾನಿಗಳು ಅಲ್ಲಿನ ರೈಟ್ ವೇಲ್‌ಗಳ ಲದ್ದಿ ಸಂಗ್ರಹಿಸ್ತಿದ್ರು, ಹೌದು, ಅದೂ ಒಂದು ಕೆಲಸ, ಬೇರೆ ವರ್ಷಗಳ ಜೊತೆ ಹೋಲಿಸಿ ನೋಡಿದ್ರೆ ಆ ದಿನಗಳಲ್ಲಿ ಒತ್ತಡದ ಹಾರ್ಮೋನ್ ಇಳಿದಿತ್ತು. ಅಂದ್ರೆ ಉಳಿದ ಎಲ್ಲಾ ದಿನ ಅವು ಒತ್ತಡದಲ್ಲೇ ಬದುಕ್ತಿವೆ, ನಾವು ಅದನ್ನೇ ನಾರ್ಮಲ್ ಅಂದ್ಕೊಂಡಿದ್ವಿ.

ಹಾಗಾದ್ರೆ ಕೈಯಲ್ಲಿರೋದನ್ನ ಸರಿ ಮಾಡಿದ್ರೆ ಸಾಕಾ? ಒಂದು ಮಟ್ಟಕ್ಕೆ ಹೌದು. ಮೆಕ್ಸಿಕೋದ ಕಾಬೋ ಪುಲ್ಮೋ ಅನ್ನೋ ಕಡೆ ಊರವರೇ ಪಟ್ಟು ಹಿಡಿದು 1995ರಲ್ಲಿ ಕಡಲ ಪಾರ್ಕ್ ಮಾಡಿಸ್ಕೊಂಡ್ರು, 1999ರಿಂದ 2009ರ ಒಳಗೆ ಅಲ್ಲಿನ ಮೀನಿನ ಒಟ್ಟು ತೂಕ ಶೇಕಡಾ 463ರಷ್ಟು ಏರಿತು. ಅಷ್ಟು ವೇಗವಾಗಿ ಸಮುದ್ರ ವಾಪಸ್ ಕೊಡುತ್ತೆ. ಆದ್ರೆ ಇಲ್ಲಿ ಪ್ರಾಮಾಣಿಕವಾಗಿ ಇನ್ನೊಂದು ಮಾತು ಹೇಳಲೇಬೇಕು. 2016ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಬಿಸಿಗೆ ಹವಳಗಳು ಬಿಳಿಚಿಕೊಂಡ್ವು. ಹವಳದ ಮೈಯೊಳಗೆ ಇರೋ ಪಾಚಿಯೇ ಅದಕ್ಕೆ ಬಣ್ಣ ಮತ್ತೆ ಹೆಚ್ಚಿನ ಊಟ ಎರಡೂ ಕೊಡೋದು, ಬೇಸಿಗೆಯ ಮಾಮೂಲಿ ಗರಿಷ್ಠಕ್ಕಿಂತ ಒಂದು ಡಿಗ್ರಿ ಮೇಲೆ ಕೆಲವು ವಾರ ಇದ್ರೆ ಹವಳ ಆ ಪಾಚಿಯನ್ನ ಹೊರಹಾಕುತ್ತೆ, ಬೇಗ ತಣ್ಣಗಾಗದಿದ್ರೆ ಸಾಯುತ್ತೆ. ಆ ವರ್ಷ ರೀಫಿನ ಹವಳದಲ್ಲಿ ಸುಮಾರು ಶೇಕಡಾ 30 ಹೋಯ್ತು. ನೀರು ಶುದ್ಧ ಇದ್ದ ಕಡೆ, ಮೀನು ಹಿಡಿಯೋದು ನಿಷೇಧ ಇದ್ದ ಕಡೆ ಹವಳ ತಡ್ಕೊಂಡಿತಾ ಅಂತ ನೋಡಿದ್ರು. ಇಲ್ಲ, ಬಿಸಿ ಆ ಮಟ್ಟಕ್ಕೆ ಹೋದಾಗ ಸ್ಥಳೀಯ ರಕ್ಷಣೆಯಿಂದ ಹೆಚ್ಚೇನೂ ವ್ಯತ್ಯಾಸ ಆಗಲಿಲ್ಲ. ಜಾಗತಿಕ ತಾಪ 1.5 ಡಿಗ್ರಿ ಏರಿದ್ರೆ ಬೆಚ್ಚಗಿನ ನೀರಿನ ಹವಳದಲ್ಲಿ ಶೇಕಡಾ 70ರಿಂದ 90, ಎರಡು ಡಿಗ್ರಿ ಆದ್ರೆ 99ಕ್ಕಿಂತ ಹೆಚ್ಚು ಹೋಗುತ್ತೆ ಅಂತ ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿ ಹೇಳುತ್ತೆ. ಪಾರ್ಕ್ ಮಾಡಿದೀವಿ, ಇನ್ನು ಹೊಗೆ ಬಿಟ್ರೂ ಪರವಾಗಿಲ್ಲ ಅನ್ನೋ ವಾದ ಇಲ್ಲಿ ನಿಲ್ಲಲ್ಲ. ಸ್ಥಳೀಯ ಕೆಲಸದಿಂದ ಸಿಗೋದು ಸ್ವಲ್ಪ ಸಮಯ, ಬಿಸಿಅಲೆ ಹೋದಮೇಲೆ ಚೇತರಿಸ್ಕೊಳ್ಳೋಕೆ ಒಂದು ಅವಕಾಶ. ಎರಡು ಬಿಸಿಅಲೆಗಳ ನಡುವೆ ಆ ಸಮಯ ಸಿಗಬೇಕಲ್ಲ, 1980ರ ದಶಕದಿಂದ ಈಚೆಗೆ ಕಡಲ ಬಿಸಿಅಲೆಗಳು ಬರೋದು ಸುಮಾರು ಎರಡು ಪಟ್ಟಾಗಿದೆ.

ಇನ್ನು ಪ್ರಶ್ನೆಗಳು.

ಪ್ಲಾಸ್ಟಿಕ್ ಬಗ್ಗೆ ಯಾಕೆ ಮಾತಾಡಲಿಲ್ಲ ಅಂತ ಒಬ್ಬರು ಸ್ವಲ್ಪ ಬೇಜಾರಲ್ಲೇ ಕೇಳಿದ್ರು. ವರ್ಷಕ್ಕೆ ಸುಮಾರು 1.1 ಕೋಟಿ ಟನ್ ಪ್ಲಾಸ್ಟಿಕ್ ಸಮುದ್ರ ಸೇರ್ತಿದೆ ಅನ್ನೋ ಅಂದಾಜಿದೆ, ಸಣ್ಣ ವಿಷಯ ಅಂತ ಅಲ್ಲ. ಆದ್ರೆ ಅದು ಕಣ್ಣಿಗೆ ಕಾಣುತ್ತೆ ಅನ್ನೋ ಒಂದೇ ಕಾರಣಕ್ಕೆ ನಮ್ಮ ಗಮನವನ್ನೆಲ್ಲ ಅದೇ ತಿಂದುಹಾಕಿದೆ ಅಂತ ನನಗನ್ಸುತ್ತೆ, ಶಾಖ ಕಾಣಲ್ಲ, ಆಮ್ಲ ಕಾಣಲ್ಲ. ಅದೂ ಅಲ್ದೆ ಪೆಸಿಫಿಕ್‌ನಲ್ಲಿ ತೇಲೋ ಆ ದೊಡ್ಡ ಕಸದ ರಾಶಿಯನ್ನ ತೂಕ ಹಾಕಿ ನೋಡಿದ್ರೆ ಸುಮಾರು ಅರ್ಧ, ಶೇಕಡಾ 46, ಮೀನಿನ ಬಲೆಗಳು. ಸ್ಟ್ರಾ ಬಿಟ್ಟವರನ್ನ ಹಂಗಿಸ್ತಿಲ್ಲ, ಆದ್ರೆ ಬಲೆಗೆ ಯಾರು ಜವಾಬ್ದಾರಿ ಅಂತ ಕೇಳೋರು ಕಮ್ಮಿ.

ಹಾಗಾದ್ರೆ ಮೀನು ತಿನ್ನೋದು ಬಿಡಬೇಕಾ? ನಾನು ಹಾಗೆ ಹೇಳಲ್ಲ. ಜಗತ್ತಲ್ಲಿ 300 ಕೋಟಿಗೂ ಹೆಚ್ಚು ಜನಕ್ಕೆ ಪ್ರಾಣಿಜನ್ಯ ಪ್ರೋಟೀನಿನಲ್ಲಿ ಐದನೇ ಒಂದು ಭಾಗವಾದ್ರೂ ಬರೋದು ನೀರಿಂದ, ಅವರಿಗೆ ಬಿಡಿ ಅನ್ನೋಕೆ ನಾವ್ಯಾರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಫ್‌ಎಒ ಲೆಕ್ಕದಲ್ಲಿ 1974ರಲ್ಲಿ ಅತಿಯಾಗಿ ಹಿಡೀತಿದ್ದ ಮೀನು ಸಂತತಿಗಳು ಶೇಕಡಾ 10, 2021ಕ್ಕೆ ಅದು 37.7. ಆದ್ರೆ ಸರಿಯಾಗಿ ಲೆಕ್ಕ ಇಟ್ಟು ಮಿತಿ ಹಾಕಿದ ಕಡೆ ಮೀನು ವಾಪಸ್ ಬಂದಿದೆ, ಎಷ್ಟೋ ಟ್ಯೂನಾ ಸಂತತಿಗಳು ಸುಧಾರಿಸಿವೆ. ನನಗೆ ಸಿಟ್ಟು ಬರೋದು ಸಬ್ಸಿಡಿ ನೋಡಿದಾಗ. 2018ರಲ್ಲಿ ಜಗತ್ತಿನ ಸರ್ಕಾರಗಳು ಅತಿಯಾಗಿ ಮೀನು ಹಿಡಿಯೋಕೆ ಕುಮ್ಮಕ್ಕು ಕೊಡೋ ಸಬ್ಸಿಡಿಗೇ ಸುಮಾರು 2,200 ಕೋಟಿ ಡಾಲರ್ ಸುರಿದಿವೆ, ಡೀಸೆಲ್‌ಗೆ, ಹೊಸ ಹಡಗಿಗೆ. ಈ ದುಡ್ಡಿಲ್ದಿದ್ರೆ ಎಷ್ಟೋ ದೊಡ್ಡ ಹಡಗುಗಳಿಗೆ ದೂರದ ಸಮುದ್ರಕ್ಕೆ ಹೋಗೋದು ಗಿಟ್ಟೋದೇ ಇಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದ ಒಂದು 2025ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದಿದೆ, ಅದು ಕಳ್ಳ ಮೀನುಗಾರಿಕೆಗೆ, ಈಗಾಗ್ಲೇ ಬರಿದಾದ ಸಂತತಿಗಳಿಗೆ ಕೊಡೋ ಸಬ್ಸಿಡಿಯನ್ನ ತಡೆಯುತ್ತೆ, ಹಡಗು ಜಾಸ್ತಿ ಮಾಡೋ ಸಬ್ಸಿಡಿ ವಿಷಯದಲ್ಲಿ ಮಾತುಕತೆ ಇನ್ನೂ ಬಾಕಿ.

ಕೊನೇ ಪ್ರಶ್ನೆ ಆಳ ಸಮುದ್ರದ ಗಣಿಗಾರಿಕೆ ಬಗ್ಗೆ, ಬ್ಯಾಟರಿಗೆ ಲೋಹ ಬೇಕಲ್ಲ, ಹವಾಮಾನಕ್ಕೆ ಒಳ್ಳೇದೇ ಅಲ್ವಾ ಅಂತ. ಸಮುದ್ರದ ತಳದಲ್ಲಿ ಆಲೂಗಡ್ಡೆ ಗಾತ್ರದ ಗಂಟುಗಳು ಬಿದ್ದಿರ್ತವೆ, ಮ್ಯಾಂಗನೀಸ್, ನಿಕ್ಕಲ್, ಕೋಬಾಲ್ಟ್ ಇರುತ್ತೆ, ಹತ್ತು ಲಕ್ಷ ವರ್ಷಕ್ಕೆ ಕೆಲವು ಮಿಲಿಮೀಟರ್ ಬೆಳೀತವೆ. ಗಣಿ ಮಾಡಿದ್ರೆ ತಳಕ್ಕೆ ಏನಾಗಬಹುದು ಅಂತ ನೋಡೋಕೆ 1989ರಲ್ಲಿ ಜರ್ಮನ್ ವಿಜ್ಞಾನಿಗಳು ಪೆರು ದೇಶದ ಆಚೆ ಆಳದಲ್ಲಿ ನೇಗಿಲಿನಂಥ ಒಂದು ಯಂತ್ರ ಎಳೆದು ತಳವನ್ನ ಉತ್ತಿದ್ರು, 2015ರಲ್ಲಿ ಹೋಗಿ ನೋಡಿದ್ರೆ ಆ ಗೆರೆಗಳು ಹಾಗೇ ಇದ್ವು, ಅಲ್ಲಿನ ಸೂಕ್ಷ್ಮಜೀವಿಗಳೂ ಪೂರ್ತಿ ಚೇತರಿಸ್ಕೊಂಡಿರಲಿಲ್ಲ. ಈಗಾಗ್ಲೇ ಬಿಸಿ, ಆಮ್ಲ, ಬಲೆ, ಸದ್ದು ಇಷ್ಟನ್ನ ಹೊತ್ತಿರೋ ಸಮುದ್ರಕ್ಕೆ ಹೊಸದೊಂದು ಏಟನ್ನ ಶುರು ಮಾಡೋ ಮೊದಲೇ ಬೇಡ ಅನ್ನೋಕೆ ನಮಗೆ ಸಿಕ್ಕಿರೋ ಅವಕಾಶ ಇದೊಂದೇ, ಉಳಿದಿದ್ದೆಲ್ಲ ಶುರುವಾಗಿ ಎಷ್ಟೋ ದಿನ ಆಗಿತ್ತು. 30ಕ್ಕೂ ಹೆಚ್ಚು ದೇಶಗಳು ಸದ್ಯಕ್ಕೆ ತಡೀರಿ ಅಂತ ಕೇಳಿವೆ, ನಾನಂತೂ ಅವರ ಕಡೆಗೇ.